ದೊಡ್ಡಮುನಿಯಮ್ಮ ವಿಮಾನ ನಿಲ್ಲಿಸಿದ್ದು

ಮೇಟ್ಟೂರು ಅಣೆಕಟ್ಟೆಯ ಹಿನ್ನೀರು ಧರ್ಮಪುರಿ ಜಿಲ್ಲೆಯ ಗುಡ್ಡಗಳ ಸಂದಿಗೆ ನುಗ್ಗಿ ನಿಂತಿರುವ ಒಂದು ಕಡೆ ಕೆಂಚನಮಡು ಅಂತ ಊರಿದೆ. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ತಮಿಳು, ಜಗಳದಲ್ಲಿ ಎರಡೂ. ಎದುರಿಗೆ ಕಾಣುವ ದಡ ಸೇಲಂ ಜಿಲ್ಲೆಗೆ ಸೇರಿದ್ದು. ಅಲ್ಲಿ ಪಾಲತ್ತುರೈ ಅನ್ನುವ ಊರು, ಆ ಊರಿಂದ ಕೊಳತ್ತೂರಿಗೂ ಮೇಟ್ಟೂರಿಗೂ ಬಸ್ಸು. ಆಸ್ಪತ್ರೆ, ಕಾಲೇಜು, ಹಾಲಿನ ಡೈರಿ, ನೂಲಿನ ಗಿರಣಿ ಎಲ್ಲವೂ ಆ ಕಡೆಗೇ. ಈ ಕಡೆಯಿಂದ ಪೆನ್ನಾಗರಂಗೆ ಹೋಗುವ ಘಾಟಿ ರಸ್ತೆ ಮಳೆಗಾಲದಲ್ಲಿ ಇದ್ದರೂ ಇಲ್ಲದ ಹಾಗೆ. ಹಾಗಾಗಿ ಊರಿನ ಬದುಕು ನಿಂತಿದ್ದು ದೋಣಿ ದಾಟುವ ಕಡವಿನ ಮೇಲೆ, ಆ ಕಡವು ನಿಂತಿದ್ದು ದೊಡ್ಡಮುನಿಯಮ್ಮನ ಮೇಲೆ.

ಈ ಕೆಲಸ ಅವಳಿಗೆ ಯಾರೂ ಕರೆದು ಕೊಟ್ಟದ್ದಲ್ಲ. ಅವಳಪ್ಪ ಪರಿಸಲು ಹಾಕುತ್ತಿದ್ದ. ಬಿದಿರು ಹೆಣೆದು ತೊಗಲು ಹೊದಿಸಿದ ದುಂಡನೆಯ ದೋಣಿಗೆ ಆ ಕಡೆ ಹಾಗೇ ಅನ್ನುತ್ತಾರೆ. ಅಪ್ಪನ ತೋಳು ಸೋತಾಗ ಅಣ್ಣಂದಿರಿಬ್ಬರೂ ಸೇಲಂನಲ್ಲಿ ಬೆಳ್ಳಿ ಕಾಲ್ಗೆಜ್ಜೆ ಮಾಡುವ ಪಟ್ಟರೆ ಅನ್ನುವ ಸಣ್ಣ ಕಾರ್ಖಾನೆ ಸೇರಿಬಿಟ್ಟಿದ್ದರು. ಕಡವು ಹರಾಜಿಗೆ ಬಂದ ದಿನ ದೊಡ್ಡಮುನಿಯಮ್ಮ ಸೆರಗು ಸಿಕ್ಕಿಸಿಕೊಂಡು ಗಂಡಸರ ನಡುವೆ ಹೋಗಿ ನಿಂತು ಕೂಗಿದಳು. ಹರಾಜು ಅವಳಿಗೇ ನಿಂತಿತು. ಬರೆದುಕೊಳ್ಳುತ್ತಿದ್ದ ಗುಮಾಸ್ತ ಗಂಡನ ಹೆಸರು ಕೇಳಿದ. ಮಾದಯ್ಯ ಅಂತ ಹೇಳಿದಳು. ಅವನು ಅದನ್ನೇ ಬರೆಯಲು ಹೊರಟಾಗ ಕೈ ಅಡ್ಡ ಇಟ್ಟು, ಮಾದಯ್ಯನಿಗೆ ಈಜು ಬರೋದಿಲ್ಲ, ನನ್ನ ಹೆಸರು ಬರಿ ಅಂದಳು. ಹಿಂದೆ ನಿಂತಿದ್ದ ಮಾದಯ್ಯನೇ ಮೊದಲು ನಕ್ಕದ್ದು. ಅವನು ಒಳ್ಳೆಯ ರೈತ, ರಾಗಿ ಹೊಲ ಬಿಟ್ಟು ಬೇರೆ ಆಸೆ ಇಲ್ಲದ ಮನುಷ್ಯ. ನೀರಿನ ವಿಷಯ ಹೆಂಡತಿಗೆ, ನೆಲದ ವಿಷಯ ತನಗೆ ಅಂತ ಹಂಚಿಕೊಂಡು ಇಬ್ಬರೂ ಸಂಸಾರ ಮಾಡಿದರು. ಪರಿಸಲು ಹೋಗಿ ಮರದ ದೋಣಿ ಬಂತು, ಮರದ ದೋಣಿಗೆ ಡೀಸೆಲ್ ಮೋಟಾರು ಬಂತು. ಮಗಳು ಮೇನಕಾ ಇದೇ ದೋಣಿಯಲ್ಲಿ ಓದಲು ಹೋಗಿ ನರ್ಸ್ ಆಗಿ, ಕೆಂಚನಮಡುವಿನ ಉಪಕೇಂದ್ರಕ್ಕೇ ವಾಪಸು ಬಂದಳು.

ಒಂದು ಮಾತನ್ನು ಮಾತ್ರ ದೊಡ್ಡಮುನಿಯಮ್ಮ ಹೆಚ್ಚು ಆಡುತ್ತಿರಲಿಲ್ಲ. ಅವಳ ತಂಗಿ ಪುಷ್ಪಾ ಚೊಚ್ಚಲ ಹೆರಿಗೆಯಲ್ಲಿ ಕಡವಿನ ಬಂಡೆಯ ಮೇಲೆ ಮಲಗಿ ಪ್ರಾಣ ಬಿಟ್ಟಿದ್ದಳು. ಆಡಿ ತಿಂಗಳು, ಆಷಾಢದ ಗಾಳಿ. ಅಪ್ಪ ಮೂರು ಸಲ ಪರಿಸಲನ್ನು ನೀರಿಗೆ ತಳ್ಳಿದ್ದ, ಮೂರು ಸಲವೂ ಗಾಳಿ ಅದನ್ನು ಬುಗುರಿಯಂತೆ ತಿರುಗಿಸಿ ದಡಕ್ಕೇ ತಂದು ಹಾಕಿತ್ತು. ಆವತ್ತಿನಿಂದ ಅವಳಿಗೆ ಬೇಗ ಹೋಗುವ ಯಾವ ಗಾಡಿ ಕಂಡರೂ ಒಂದು ತರಹದ ಮರ್ಯಾದೆ.

ಹೀಗಿರುವಾಗ ಕೆಂಚನಮಡುವಿಗೆ ನೀರಿನ ಮೇಲೆ ಇಳಿಯುವ ವಿಮಾನ ಬರುತ್ತದೆ ಅಂತ ಸುದ್ದಿಯಾಯಿತು. ಊರಿನ ಗಂಡಸರು ನಗಾಡಿದರು. ಅವಳು ನಗಲಿಲ್ಲ.

ಬೆಂಗಳೂರಿನ ಒಂದು ಖಾಸಗಿ ಕಂಪನಿ ಅದು. ಅದರ ಮ್ಯಾನೇಜರ್ ಪ್ರಭಾಕರನ್ ಅಂತ, ನಡುವಯಸ್ಸಿನ ಸಮಾಧಾನದ ಮನುಷ್ಯ. ಶಾಲೆಯ ಅಂಗಳದಲ್ಲಿ ಶಾಮಿಯಾನ ಹಾಕಿಸಿ ಊರಿನವರನ್ನೆಲ್ಲ ಕೂರಿಸಿ ಅವನು ವಿವರಿಸಿದ. ಈ ವಿಮಾನಕ್ಕೆ ರನ್‌ವೇ ಬೇಡ, ಯಾರ ಹೊಲವನ್ನೂ ಕಿತ್ತುಕೊಳ್ಳುವುದಿಲ್ಲ. ನೀರಿದ್ದರೆ ಸಾಕು, ಹತ್ತಿ ಇಳಿಯಲು ಒಂದು ತೇಲುಕಟ್ಟೆ ಇದ್ದರೆ ಸಾಕು. ಬೆಂಗಳೂರಿಂದ ಜನ ಹೊಗೇನಕಲ್ ನೋಡಲು ಬರುತ್ತಾರೆ, ಸೇಲಂ ಗಿರಣಿಗಳಿಗೆ ವ್ಯಾಪಾರದವರು ಬರುತ್ತಾರೆ, ಬರಬರುತ್ತ ಊರಿನವರೂ ಹತ್ತುತ್ತಾರೆ. ಇದು ಮುಂದೆ ಬಸ್ಸಿನ ಹಾಗೇ ಆಗುತ್ತದೆ ಅಂದ. ಕೊನೆಗೆ ದನಿ ತಗ್ಗಿಸಿ, ಬೆಳಿಗ್ಗೆ ಸಂಜೆ ವಿಮಾನದ ಹೊತ್ತಿನಲ್ಲಿ ಕಡವು ನಿಲ್ಲಬೇಕಾಗುತ್ತದೆ ಅಂತಲೂ ಹೇಳಿದ.

ಆ ಹೊತ್ತು ಅಂದರೆ ಹಾಲಿನ ಕ್ಯಾನು ದಾಟುವ ಹೊತ್ತು, ಗಿರಣಿ ಹುಡುಗಿಯರು ದಾಟುವ ಹೊತ್ತು. ಅಂಗಳ ಗುಜುಗುಜು ಅಂದಿತು. ದೊಡ್ಡಮುನಿಯಮ್ಮ ಎದ್ದು ನಿಂತು ತಮಿಳಿನಲ್ಲಿ ಒಂದೇ ಕೇಳಿದಳು: ನಿಮ್ಮ ವಿಮಾನ ಬಸ್ಸಾದರೆ ಸಂತೋಷ, ಆದರೆ ಕಾಯಿಲೆಯವರು ಬಂದರೆ ಏನು ಮಾಡುತ್ತೀರಿ?

ಪ್ರಭಾಕರನ್ ತಡವರಿಸಲಿಲ್ಲ. ಕಾಯಿಲೆಯವರು ಬಂದರೆ ಮೊದಲು ಅವರೇ ಅಂದ. ಕಡವು ತೆಗೆದು ದೋಣಿ ಬಿಡುತ್ತೇವೆ, ಬೇಕಾದರೆ ವಿಮಾನದಲ್ಲೇ ಕಳಿಸುತ್ತೇವೆ ಅಂತ ಮೈಕಿನಲ್ಲೇ ಹೇಳಿದ. ಜನ ಚಪ್ಪಾಳೆ ತಟ್ಟಿದರು. ದೊಡ್ಡಮುನಿಯಮ್ಮ ಕೂತುಕೊಂಡಳು. ಆ ರಾತ್ರಿ ಊಟಕ್ಕೆ ಕೂತಾಗ ಮೇನಕಾ, ಮೈಕಲ್ಲಿ ಹೇಳಿದ್ದೆಲ್ಲ ರೂಲ್ಸ್ ಆಗಲ್ಲ ಅವ್ವಾ ಅಂದಳು. ಆಗೋ ಅಂಗೆ ಮಾಡಿಸ್ಬೇಕು ಅಂತ ಅವ್ವ ಮುದ್ದೆ ಮುರಿದಳು.

ಐಪ್ಪಸಿ ತಿಂಗಳು, ದೀಪಾವಳಿಯ ಹೊತ್ತಿಗೆ ಅಣೆಕಟ್ಟೆ ತುಂಬಿ ತುಳುಕುತ್ತಿದ್ದಾಗ, ವಿಮಾನ ಬಂತು. ಬಿಳಿ ಮೈ, ರೆಕ್ಕೆಗೊಂದು ಇಂಜಿನ್ನು, ಕೆಳಗೆ ಎರಡು ಉದ್ದನೆಯ ದೋಣಿಗಳು, ನೆಲದ ಮೇಲೆ ಇಳಿಯಲು ಅವುಗಳೊಳಗೇ ಮಡಚಿದ ಚಕ್ರ. ನೀರನ್ನು ಎರಡು ಗೆರೆಯಾಗಿ ಸೀಳಿಕೊಂಡು ಅದು ಇಳಿದದ್ದನ್ನು ನೋಡಲು ಕಂಬೈನಲ್ಲೂರಿಂದ, ಕಾರಿಮಂಗಲದಿಂದ ನೆಂಟರು ಬಂದು ಕೂತಿದ್ದರು. ದೊಡ್ಡಮುನಿಯಮ್ಮನಿಗೂ ಮೈ ಜುಮ್ಮೆಂದಿತು. ಗಾಳಿಯ ಮೇಲೆ ಬಂದು ನೀರಿನ ಮೇಲೆ ಕೂರುವ ಅದರ ಧೈರ್ಯ ಅವಳಿಗೆ ಹಿಡಿಸಿತು.

ಹಿಡಿಸಿದ್ದು ಆ ವಾರದ ಮಟ್ಟಿಗೆ. ಕಂಪನಿಯವರು ಕಡವಿನ ಉದ್ದಕ್ಕೂ ಕಿತ್ತಳೆ ಬಣ್ಣದ ತೇಲುಗುಂಡುಗಳ ಹಗ್ಗ ಕಟ್ಟಿದರು. ಕಾವಲಿಗೆ ಒಂದು ಸ್ಪೀಡ್ ಬೋಟು, ಅದರಲ್ಲಿ ಪಾಲತ್ತುರೈ ಹುಡುಗ ಶರವಣಕುಮಾರ್, ಬಾಯಲ್ಲಿ ಸೀಟಿ. ಅವನು ಸೀಟಿ ಊದಿದರೆ ದೋಣಿ ನಿಲ್ಲಬೇಕು. ನಿಂತರೆ ವಿಮಾನ ಬರುವ ತನಕ, ಇಳಿಯುವ ತನಕ, ಜನ ಫೋಟೋ ತೆಗೆಸಿಕೊಂಡು ಹತ್ತುವ ತನಕ, ಮತ್ತೆ ಹಾರಿ ಗುಡ್ಡ ದಾಟುವ ತನಕ ನಿಲ್ಲಬೇಕು. ಹಾಲು ಒಡೆಯತೊಡಗಿತು. ಗಿರಣಿಯಲ್ಲಿ ಹುಡುಗಿಯರ ಅರ್ಧ ದಿನದ ಕೂಲಿ ಮುರಿದರು. ಒಂದು ದಿನ ಬೆಂಗಳೂರಲ್ಲಿ ಮಂಜು ಅಂತ ವಿಮಾನ ಬರಲೇ ಇಲ್ಲ. ಬಾರದ ವಿಮಾನಕ್ಕೂ ಕಡವು ಬೆಳಗೆಲ್ಲ ನಿಂತಿತ್ತು.

ಮಾರನೆಯ ದಿನ ಸೀಟಿ ಊದಿದಾಗ ದೊಡ್ಡಮುನಿಯಮ್ಮ ಮೋಟಾರು ಆರಿಸಲಿಲ್ಲ. ಆಕಾಶ ಖಾಲಿಯಿತ್ತು. ದೋಣಿ ತುಂಬ ಜನರನ್ನು ಕೂರಿಸಿಕೊಂಡು ಹಗ್ಗ ಎತ್ತಿ ಹಿಡಿಸಿ ನೇರ ದಾಟಿಬಿಟ್ಟಳು. ಶರವಣಕುಮಾರ್ ಬೋಟು ಪಕ್ಕಕ್ಕೆ ತಂದು ಬೇಡಿಕೊಂಡ. ತನ್ನ ಕೆಲಸ ಹೋಗುತ್ತದೆ ಅಂದ. ಅವಳು, ನಿನ್ ಕೆಲಸ ಸೀಟಿ ಊದೋದು ಕಣ್ಲಾ, ಊದು, ನನ್ ಕೆಲಸ ದಾಟ್ಸೋದು, ನಾನು ದಾಟ್ಸ್ತೀನಿ ಅಂದಳು. ಆ ಸಂಜೆ ಪ್ರಭಾಕರನ್ ಮನೆಗೇ ಬಂದು, ಜೀವಕ್ಕೆ ಅಪಾಯ, ಇನ್ನೊಂದು ಸಲ ಹೀಗಾದರೆ ಪೊಲೀಸರಿಗೆ ಹೇಳಬೇಕಾಗುತ್ತದೆ ಅಂತ ಕೈಮುಗಿದು ಹೇಳಿದ. ಮಾದಯ್ಯ ಅವನಿಗೆ ಮಜ್ಜಿಗೆ ಕೊಟ್ಟ. ದೊಡ್ಡಮುನಿಯಮ್ಮ ಒಳಗಿಂದ ಹೊರಗೆ ಬರಲಿಲ್ಲ.

ಕಾರ್ತಿಕದ ಮಳೆ ಒಂದು ವಾರ ಹಿಡಿದು ಸುರಿಯಿತು. ಘಾಟಿಯಲ್ಲಿ ಗುಡ್ಡ ಜರಿದು ಪೆನ್ನಾಗರಂ ರಸ್ತೆ ಮುಚ್ಚಿಹೋಯಿತು. ಮಳೆ ಬಿಟ್ಟ ಮೊದಲ ಬೆಳಿಗ್ಗೆ ಮೇನಕಾ ಓಡೋಡಿ ಕಡವಿಗೆ ಬಂದಳು. ಸಂಗೀತಾಗೆ ರಕ್ತ ಹೋಗುತ್ತಿದೆ, ತಿಂಗಳು ತುಂಬಿಲ್ಲ, ಈಗಲೇ ಆಸ್ಪತ್ರೆ ಸೇರಬೇಕು ಅಂದಳು. ಸಂಗೀತಾ ನೆರೆಮನೆಯ ಸೊಸೆ. ಗಂಡ ಸೇಲಂ ಹತ್ತಿರ ಜವ್ವರಿಸಿ ಅಂದರೆ ಸಾಬಕ್ಕಿ ಮಾಡುವ ಕಾರ್ಖಾನೆಯಲ್ಲಿ ಪಾಳಿಯಲ್ಲಿದ್ದ. ನಾಲ್ಕು ಜನ ಅವಳನ್ನು ಹಗ್ಗದ ಮಂಚದ ಸಮೇತ ಹೊತ್ತು ತರುತ್ತಿದ್ದರು. ಆಂಬುಲೆನ್ಸ್ ಪಾಲತ್ತುರೈಗೆ ಬಂದು ನಿಲ್ಲುತ್ತದೆ ಅಂತ ಫೋನಿನಲ್ಲಿ ಗೊತ್ತಾಗಿತ್ತು.

ಅದೇ ಹೊತ್ತಿಗೆ ತೇಲುಕಟ್ಟೆಯ ಪಕ್ಕದಲ್ಲಿ ವಿಮಾನ ನಿಂತಿತ್ತು. ಹಗ್ಗ ಬಿಗಿದಿತ್ತು, ಸೀಟಿ ಊದಿ ಆಗಿತ್ತು. ಮಳೆಗೆ ಸಿಕ್ಕಿ ದಡದಲ್ಲಿ ಕಂಪನಿ ಕಟ್ಟಿಸಿದ್ದ ರೆಸಾರ್ಟಿನಲ್ಲಿ ಉಳಿದಿದ್ದ ಮೂವರು ಅತಿಥಿಗಳು ಹತ್ತಿ ಕೂತಿದ್ದರು. ಮಿಕ್ಕ ಸೀಟುಗಳೆಲ್ಲ ಖಾಲಿ.

ದೊಡ್ಡಮುನಿಯಮ್ಮ ತೇಲುಕಟ್ಟೆಗೆ ಹೋಗಿ ಪ್ರಭಾಕರನ್ ಎದುರು ನಿಂತಳು. ಮೈಕಿನಲ್ಲಿ ಹೇಳಿದ್ದೀರಲ್ಲ, ಬಂದಿದ್ದಾಳೆ, ಹತ್ತಿಸಿಕೊಳ್ಳಿ, ಸೇಲಂನಲ್ಲಿ ವಿಮಾನ ನಿಲ್ದಾಣ ಇದೆ, ಅಲ್ಲಿಗೆ ಕರೆದೊಯ್ಯಿರಿ ಅಂದಳು. ಪ್ರಭಾಕರನ್ ಮುಖ ಕಂದಿತು. ಮಲಗಿದವರನ್ನು ಒಯ್ಯಲು ಈ ವಿಮಾನಕ್ಕೆ ಅನುಮತಿಯಿಲ್ಲ, ಸೇಲಂನಲ್ಲಿ ಇಳಿಯಲು ಈವತ್ತು ಅಪ್ಪಣೆಯಿಲ್ಲ, ತಾನೇನು ಮಾಡಲಿ ಅಂದ. ಹಾಗಾದರೆ ಹಗ್ಗ ಬಿಚ್ಚಿಸಿ, ನಾನು ದಾಟಿಸುತ್ತೇನೆ ಅಂದಳು. ವಿಮಾನ ಹೊರಟಾಗಿದೆ, ಅದು ಹಾರಿದ ಮೇಲೆ ಬಿಡುತ್ತೇನೆ, ಸ್ವಲ್ಪ ಹೊತ್ತು ತಾಳಮ್ಮ ಅಂತ ಅವನು ಕೇಳಿಕೊಂಡ.

ಅವಳು ಹಿಂದಕ್ಕೆ ತಿರುಗಿ ನೋಡಿದಳು. ಮಂಚ ಇಳಿಸಿದ್ದು ಅದೇ ಬಂಡೆಯ ಮೇಲೆ. ಮಂಚದ ಕೆಳಗೆ ಕಲ್ಲು ಕೆಂಪಗಾಗುತ್ತಿತ್ತು. ಸಂಗೀತಾ ಅಳುತ್ತಿರಲಿಲ್ಲ, ತುಟಿ ಬೆಳ್ಳಗಾಗಿತ್ತು.

"ತಾಳೋಕಾಗಲ್ಲ," ಅಂದಳು ದೊಡ್ಡಮುನಿಯಮ್ಮ, ಯಾರಿಗೂ ಅಲ್ಲ ಎಂಬಂತೆ. ಆಮೇಲೆ ಮಗಳಿಗೆ ಹೇಳಿದಳು: "ಅತ್ತಿಸ್ಲೇ ಅವಳನ್ನ. ಎದೆ ಗಟ್ಟಿ ಮಾಡ್ಕೊ, ಓಗೋಣ."

ಮಂಚ ದೋಣಿಗೇರಿತು. ಮೀನು ಸೀಳುವ ಕತ್ತಿಯಿಂದ ಅವಳು ಹಗ್ಗವನ್ನು ಕಡಿದಳು. ಕಿತ್ತಳೆ ಗುಂಡುಗಳು ಎರಡು ಕಡೆಗೆ ಚೆದುರಿ ತೇಲಿದವು. ಅಷ್ಟರಲ್ಲಿ ವಿಮಾನ ತೇಲುಕಟ್ಟೆ ಬಿಟ್ಟು ನೀರಿನ ನಡುವೆ ತಿರುಗಿ ಓಡಲು ಸಜ್ಜಾಗುತ್ತಿತ್ತು. ಶರವಣಕುಮಾರ್ ಬೋಟು ಅಡ್ಡ ತಂದ. ಮಂಚದ ಮೇಲಿದ್ದ ಹೆಂಗಸನ್ನು ನೋಡಿದ. ಅವನ ಬಾಯಿಂದ ಸೀಟಿ ಕೆಳಗೆ ಬಿತ್ತು. ಬೋಟನ್ನು ಹಿಂದಕ್ಕೆ ತೆಗೆದುಕೊಂಡು, ವಿಮಾನದ ಕಡೆಗೆ ತಿರುಗಿ ಎರಡೂ ಕೈ ಎತ್ತಿ ಬೀಸತೊಡಗಿದ.

ದೊಡ್ಡಮುನಿಯಮ್ಮ ವಿಮಾನದ ಎದುರಿಂದಲೇ ದೋಣಿ ನಡೆಸಿದಳು. ಸುತ್ತು ಹಾಕಿ ಹೋಗಬಹುದಿತ್ತು, ಆದರೆ ಸುತ್ತು ಹಾಕಲು ಹೊತ್ತಿರಲಿಲ್ಲ. ಇಂಜಿನ್ನಿನ ಗಾಳಿಗೆ ಸೆರಗು ಹಾರಿ ಹೋಯಿತು, ನೀರು ಮುಖಕ್ಕೆ ರಾಚಿತು, ದೋಣಿ ಒಂದು ಕಡೆಗೆ ವಾಲಿತು. ಮೇನಕಾ ಸಂಗೀತಾಳ ಮೇಲೆ ಬಗ್ಗಿ ಅವಳನ್ನು ಒತ್ತಿ ಹಿಡಿದಳು. ದೊಡ್ಡಮುನಿಯಮ್ಮ ಎದ್ದು ನಿಂತು ಗಾಜಿನೊಳಗಿದ್ದ ಪೈಲಟ್‌ನ ಕಡೆಗೆ ಕೈ ಚಾಚಿ ನಿಲ್ಲು ಅಂದಳು. ಮಾತು ಕೇಳಿಸುವಂತಿರಲಿಲ್ಲ. ಆದರೂ ರೆಕ್ಕೆಯ ಎರಡು ಇಂಜಿನ್ನುಗಳೂ ಒಂದರ ಹಿಂದೊಂದು ಆರಿದವು. ನೀರು ತಟ್ಟನೆ ಸುಮ್ಮನಾಯಿತು. ಡೀಸೆಲ್ ಮೋಟಾರಿನ ತಟತಟ ಸದ್ದು ಮಾತ್ರ ಉಳಿದು, ಅದು ಮೆಲ್ಲಗೆ ಆಚೆ ದಡದ ಕಡೆಗೆ ಹೋಯಿತು.

ಸಂಗೀತಾ ಉಳಿದಳು. ಮೇಟ್ಟೂರಿನಲ್ಲಿ ರಕ್ತ ಕೊಟ್ಟು ಸೇಲಂಗೆ ಕಳಿಸಿದರು, ಅಲ್ಲಿ ಹೊಟ್ಟೆ ಕೊಯ್ದು ಕೂಸನ್ನು ತೆಗೆದರು. ಅಂಗೈಯಗಲದ ಹೆಣ್ಣುಮಗು, ಗಾಜಿನ ಪೆಟ್ಟಿಗೆಯಲ್ಲಿ ಎಷ್ಟೋ ವಾರ ಇದ್ದು ಗಟ್ಟಿಯಾಯಿತು.

ಊರಿಗೆ ವಾಪಸಾಗುವ ಮೊದಲೇ ದೊಡ್ಡಮುನಿಯಮ್ಮನ ಮೇಲೆ ದೂರು ಹೋಗಿತ್ತು. ಅದು ಪ್ರಭಾಕರನ್ ಕೊಟ್ಟದ್ದಲ್ಲ, ಬೆಂಗಳೂರಿನ ಅವನ ಮೇಲಿನವರು ಕೊಟ್ಟದ್ದು. ಹಾರುವ ವಿಮಾನಕ್ಕೆ ಅಡ್ಡ ಬಂದದ್ದು, ಕಂಪನಿಯ ಸ್ವತ್ತು ಕಡಿದದ್ದು. ಪೊಲೀಸರು ಬಂದು ದೋಣಿಗೆ ಸರಪಳಿ ಹಾಕಿ ಬೀಗ ಜಡಿದರು. ಮೇಟ್ಟೂರಿನಲ್ಲಿ ಅಣೆಕಟ್ಟೆಯ ನೀರು ನೋಡಿಕೊಳ್ಳುವ ಅಧಿಕಾರಿಯ ಮುಂದೆ ವಿಚಾರಣೆ ನಡೆಯಿತು. ಪೈಲಟ್ ಒಬ್ಬ ಮಲಯಾಳಿ ಹೆಣ್ಣುಮಗಳು, ಎದುರಿಗೆ ದೋಣಿ ಕಂಡಿತು, ಇಂಜಿನ್ ಆರಿಸಿದೆ, ದೋಣಿ ದಾಟಿತು, ಮತ್ತೆ ಹೊರಟೆ, ಇದರಲ್ಲಿ ಹೇಳುವಂಥದ್ದೇನೂ ಇಲ್ಲ ಅಂತ ಹೇಳಿ ಕೂತಳು. ಅಧಿಕಾರಿಗೆ ವಿಷಯ ಅಲ್ಲಿಗೇ ಮುಗಿಸುವ ಮನಸ್ಸಿತ್ತು. ತಪ್ಪಾಯಿತು, ಇನ್ನು ಮುಂದೆ ಹೀಗೆ ಮಾಡುವುದಿಲ್ಲ ಅಂತ ಒಂದು ರುಜು ಹಾಕಿದರೆ ಈವತ್ತೇ ಬೀಗ ತೆಗೆಸುತ್ತೇನೆ ಅಂದರು. ಕಾಗದ ಮುಂದಿಟ್ಟರು. ಮೇನಕಾ ಅವ್ವನ ಮೊಣಕೈ ಮುಟ್ಟಿ, ಹಾಕಿಬಿಡು, ಮನೆಗೆ ಹೋಗೋಣ ಅಂತ ಪಿಸುಗುಟ್ಟಿದಳು.

ದೊಡ್ಡಮುನಿಯಮ್ಮ ಕಾಗದವನ್ನು ಮುಟ್ಟಲಿಲ್ಲ. ತಮಿಳಿನಲ್ಲಿ ಶುರುಮಾಡಿದಳು, ಸಿಟ್ಟು ಏರಿದಂತೆ ಮಾತು ಕನ್ನಡಕ್ಕೆ ಹೊರಳಿತು.

"ನಾನು ತಪ್ಪು ಮಾಡಿಲ್ಲ ಸಾಮಿ. ಮಾಡ್ದೇ ಇರೋ ತಪ್ಪಿಗೆ ಯಂಗೆ ರುಜು ಆಕ್ಲಿ? ನಾಳೆ ಇನ್ನೊಬ್ಳು ಅಂಗೇ ಮಲ್ಗಿದ್ರೆ ನಾಳೇನೂ ಅಡ್ಡ ಓಯ್ತೀನಿ. ನೀವು ಬೀಗ ಆಕಿರೋದು ನನ್ ದೋಣಿಗೆ. ನೀರಿಗೆ ಬೀಗ ಐತಾ?"

ಅಧಿಕಾರಿ ಕನ್ನಡ ಬಾರದವರಲ್ಲ, ಹೊಸೂರು ಕಡೆಯವರು. ಕಾಗದವನ್ನು ತಾವೇ ಹಿಂದಕ್ಕೆ ಎಳೆದುಕೊಂಡು, ಹಾಗಾದರೆ ದೋಣಿಯ ಬೀಗ ಹಾಗೇ ಇರಲಿ ಅಂದರು.

ಮಾರನೆಯ ಬೆಳಿಗ್ಗೆ ಊರಿನವರು ಕಡವಿಗೆ ಬಂದಾಗ ದೊಡ್ಡಮುನಿಯಮ್ಮ ಅಟ್ಟದ ಮೇಲಿದ್ದ ಅಪ್ಪನ ಪರಿಸಲನ್ನು ಇಳಿಸಿ ಡಾಂಬರು ಬಳಿದು ನೀರಿಗೆ ಬಿಟ್ಟಿದ್ದಳು. ವಯಸ್ಸು ಅರವತ್ತು ದಾಟಿತ್ತು. ಹುಟ್ಟು ಹಾಕಿ ಹಾಕಿ ಅಂಗೈ ಬೊಬ್ಬೆ ಬಂತು, ಬೊಬ್ಬೆ ಒಡೆಯಿತು. ಮಾದಯ್ಯ ರಾತ್ರಿ ಬೇವಿನೆಣ್ಣೆ ಹಚ್ಚುತ್ತ, ಒಂದು ರುಜು ಮುನೀ, ಒಂದೇ ಒಂದು ಅಂದ. ನಿನ್ ಒಲದ ಬದುವನ್ನ ಯಾವನಾರಾ ಒತ್ತಿದ್ರೆ ರುಜು ಆಕ್ಕೊಡ್ತೀಯಾ ಅಂತ ಅವಳು ಕೇಳಿದಳು. ಬೆಳಿಗ್ಗೆ ಎದ್ದು, ಈಜು ಬಾರದ ಆ ಮನುಷ್ಯ ಕಾರಿನ ಟ್ಯೂಬೊಂದನ್ನು ಹೆಗಲಿಗೆ ಹಾಕಿಕೊಂಡು ಬಂದು ಪರಿಸಲಿನಲ್ಲಿ ಅವಳ ಎದುರು ಕೂತು ಇನ್ನೊಂದು ಹುಟ್ಟು ಹಿಡಿದ.

ಅದನ್ನು ನೋಡಿ ಮೀನು ಹಿಡಿಯುವವರು ನಾಚಿದರು. ಒಬ್ಬೊಬ್ಬರಾಗಿ ತಮ್ಮ ಪರಿಸಲುಗಳನ್ನೂ ತಂದರು. ಸೀಟಿ ಊದುವ ಹೊತ್ತಿಗೆ ಸರಿಯಾಗಿ ಹಾಲಿನ ಕ್ಯಾನುಗಳು, ಗಿರಣಿ ಹುಡುಗಿಯರು, ಕಾಲೇಜಿನ ಮಕ್ಕಳು ಎಲ್ಲರೂ ದುಂಡು ದೋಣಿಗಳಲ್ಲಿ ಕೂತು ಹಿನ್ನೀರಿನ ತುಂಬ ಹರಡಿಕೊಂಡರು. ಯಾರೂ ಕಲ್ಲೆಸೆಯಲಿಲ್ಲ, ಘೋಷಣೆ ಕೂಗಲಿಲ್ಲ. ದಾಟಿದರು, ಅಷ್ಟೆ. ವಿಮಾನ ಗುಡ್ಡದ ಮೇಲೆ ಸುತ್ತು ಹೊಡೆಯುತ್ತ ಕಾಯಬೇಕಾಯಿತು. ಮೊದಲ ದಿನ ಹಾಗಾಯಿತು, ಎರಡನೆಯ ದಿನವೂ ಹಾಗೇ ಆಯಿತು, ಪೊಂಗಲ್ ಬಂದು ಹೋದರೂ ಹಾಗೇ ನಡೆಯಿತು. ಕೊನೆಗೆ ಮೇಟ್ಟೂರಿನಿಂದ ಅಪ್ಪಣೆ ಬಂತು. ಕಡವು ಯಾವ ಹೊತ್ತಿಗೂ ನಿಲ್ಲುವಂತಿಲ್ಲ, ನೀರಿನ ಮೇಲೆ ದೋಣಿಗಳಿಲ್ಲದಾಗಲೇ ವಿಮಾನ ಇಳಿಯಬೇಕು. ದೋಣಿಯ ಬೀಗ ತೆಗೆಯಲು ಪೊಲೀಸರೇ ಬಂದರು. ರುಜು ಯಾರೂ ಕೇಳಲಿಲ್ಲ.

ವಿಮಾನ ಅದರ ನಂತರವೂ ಸ್ವಲ್ಪ ಕಾಲ ಬಂತು. ಆದರೆ ಪಂಗುನಿಯ ಬೇಸಿಗೆ ಬಿಸಿಲಿಗೆ ನೀರು ಇಳಿಯತೊಡಗಿತು. ತೇಲುಕಟ್ಟೆ ಕೆಸರಿನ ಮೇಲೆ ಕೂತಿತು. ಅದನ್ನು ಕೆಳಕ್ಕೆ ಸರಿಸಿದರು, ಮತ್ತೆ ಸರಿಸಿದರು. ನೀರಲ್ಲಿ ಮುಳುಗಿದ್ದ ಹಳೆಯ ಊರಿನ ಗುಡಿಯ ಗೋಡೆ ತಲೆ ಎತ್ತಿದ ಮೇಲೆ ವಿಮಾನ ಇಳಿಯಲು ನೇರವಾದ ಜಾಗವೇ ಉಳಿಯಲಿಲ್ಲ. ಒಂದು ದಿನ ಅದು ಹೋದದ್ದು ಮತ್ತೆ ಬರಲಿಲ್ಲ.

ಸಾಮಾನು ಸಾಗಿಸುವ ದಿನ ಪ್ರಭಾಕರನ್ ಕಡವಿಗೆ ಬಂದು ದೋಣಿ ಹತ್ತಿದ. ಬೇರೆ ಯಾರೂ ಇರಲಿಲ್ಲ. ನಡುನೀರಿಗೆ ಬಂದ ಮೇಲೆ ತಾನಾಗಿಯೇ ಹೇಳಿದ. ನಿಮ್ಮಿಂದ ನಿಂತಿದ್ದಲ್ಲಮ್ಮ, ಹಾಗಂತ ತಿಳಿಯಬೇಡಿ ಅಂದ. ಮಂಜಾದರೆ ಹಾರುವಂತಿಲ್ಲ, ಕತ್ತಲಾದರೆ ಇಳಿಯುವಂತಿಲ್ಲ, ಅರ್ಧ ವರ್ಷ ನೀರಿಲ್ಲ. ಸೀಟು ತುಂಬಿದ ದಿನ ಒಂದೂ ಇಲ್ಲ. ನೋಡಲು ಬಂದವರು ಒಮ್ಮೆ ಬಂದರು, ಎರಡನೆಯ ಸಲ ಕಾರಿನಲ್ಲೇ ಬಂದರು. ಊರಿನವರು ಹತ್ತಲೇ ಇಲ್ಲ.

ದೊಡ್ಡಮುನಿಯಮ್ಮ ಚುಕ್ಕಾಣಿ ಹಿಡಿದುಕೊಂಡೇ ಕೇಳುತ್ತಿದ್ದಳು. ಆಮೇಲೆ ಅವನ ಕಡೆ ತಿರುಗಿದಳು.

"ಆವತ್ತು ಆ ಹೆಣ್ಣನ್ನು ನೀವು ಹತ್ತಿಸಿಕೊಂಡಿದ್ದರೆ, ಈವತ್ತು ನಿಮ್ಮ ವಿಮಾನ ಹೋಗಕೂಡದು ಅಂತ ಇದೇ ದೋಣಿ ಅಡ್ಡ ನಿಲ್ಲಿಸುತ್ತಿದ್ದೆ," ಅಂದಳು ತಮಿಳಿನಲ್ಲಿ.

ದಡ ಬಂದಾಗ ಅವನು ದೋಣಿ ಬಾಡಿಗೆ ಕೊಟ್ಟ, ಅವಳು ತೆಗೆದುಕೊಂಡಳು. ಬಸ್ಸು ಬರುವ ತನಕ ಇಬ್ಬರೂ ಆಲದ ಮರದ ಕೆಳಗೆ ಟೀ ಕುಡಿದರು.

ಮರುವರ್ಷ ಸರ್ಕಾರದ ಕಡೆಯಿಂದ ಇಬ್ಬರು ಬಂದರು. ಹೊಗೇನಕಲ್ ಕಡೆಗೆ ಹೆಲಿಕಾಪ್ಟರ್ ಓಡಿಸುವ ಯೋಚನೆ ಇದೆ, ಅದಕ್ಕೆ ನೀರು ಬೇಡ, ಒಂದು ಸಮತಟ್ಟಾದ ನೆಲ ಸಾಕು ಅಂದರು. ಊರಿಡೀ ಸುತ್ತಿ ಅವರು ಆರಿಸಿದ್ದು ಮಾದಯ್ಯನ ರಾಗಿ ಹೊಲದ ಮೇಲ್ತುಂಡು. ಹಿಂದಿನ ಕಥೆ ಗೊತ್ತಿದ್ದ ಊರಿನವರು, ಮುನಿಯಮ್ಮ ಈಗ ಕತ್ತಿ ತರುತ್ತಾಳೆ ಅಂದುಕೊಂಡು ಹೊಲದ ಸುತ್ತ ಸೇರಿದರು.

ಅವಳು ಮಾದಯ್ಯನ ಮುಖ ನೋಡಿದಳು. ನೆಲದ ವಿಷಯ ಅವನದು. ಅವನು, ನಿಂಗೆ ಸರಿ ಕಂಡಂಗೆ ಏಳು ಅಂದ. ಆಗ ಅವಳು ಬಂದವರಿಗೆ, ನೆಲ ಸುಮ್ಮನೆ ಕೊಡುತ್ತೇವೆ, ಬಾಡಿಗೆಯೂ ಬೇಡ ಅಂದಳು. ಆದರೆ ಕಾಯಿಲೆಯವರು ಇದ್ದರೆ ಟಿಕೆಟ್ಟಿನವರು ಇಳಿದು ಅವರಿಗೆ ಜಾಗ ಬಿಡಬೇಕು. ಇದು ಮೈಕಿನಲ್ಲಿ ಬೇಡ, ನಿಮ್ಮ ರೂಲಿನಲ್ಲಿ ಇರಬೇಕು. ಬಂದವರಿಬ್ಬರೂ, ಅಂಥ ಷರತ್ತು ಹಾಕಲು ತಮಗೆ ಅಧಿಕಾರ ಇಲ್ಲ, ಚೆನ್ನೈಯಲ್ಲಿ ಕೇಳಬೇಕು, ಸದ್ಯಕ್ಕೆ ಗುರುತು ಹಾಕಿ ಹೋಗುತ್ತೇವೆ ಅಂದರು. ಹಾಕಿಕೊಳ್ಳಿ ಅಂದಳು. ಹೊಲದ ನಾಲ್ಕು ಮೂಲೆಗೆ ಬಿಳಿ ಬಣ್ಣ ಬಳಿದ ಕಲ್ಲು ನೆಟ್ಟು ಅವರು ಹೋದರು.

ಚೆನ್ನೈಯಿಂದ ಇನ್ನೂ ಏನೂ ಬಂದಿಲ್ಲ. ಮುಂಗಾರಿಗೆ ಮುಂಚೆ ಕಚೇರಿಯಿಂದ ಒಬ್ಬ ಫೋನ್ ಮಾಡಿ, ಗುರುತು ಹಾಕಿದ ಜಾಗ, ಅಲ್ಲಿ ಏನೂ ಬೆಳೆಯಬೇಡಿ ಅಂದನಂತೆ. ಕಾಯಿಲೆಯವರಿಗೆ ಜಾಗ ಬಿಡುವ ರೂಲು ನಿಮ್ಮಿಂದ ಬಂದ ದಿನ ಪೈರು ಹಸಿಯಾಗಿದ್ದರೂ ನಾನೇ ಕೊಯ್ದು ಕೊಡುತ್ತೇನೆ ಅಂತ ಹೇಳಿ ದೊಡ್ಡಮುನಿಯಮ್ಮ ಫೋನ್ ಇಟ್ಟಳು. ಆ ವಾರವೇ ಮಾದಯ್ಯ ಎತ್ತು ಹೂಡಿದ. ಬಿಳಿ ಕಲ್ಲುಗಳನ್ನು ಕೀಳಲಿಲ್ಲ, ಅವುಗಳನ್ನು ಹಾಗೇ ಬಿಟ್ಟು ಸುತ್ತಲೂ ಉತ್ತ. ಈಗ ಅಲ್ಲಿ ರಾಗಿ ಮೊಳಕಾಲುದ್ದ ಬಂದಿದೆ.